ಬೆಳ್ಳಿಯ ಮೇಲಣ ಬಂಗಾರ: ಅಲಂಕಾರ, ಆಚರಣೆ ಮತ್ತು ಆರೋಗ್ಯ

ಪುಣೆ–ಲೋಣಾವಳಾ ರೈಲುಮಾರ್ಗದ ಮೇಲಿರುವ ದೇಹೂ ರೋಡ್ ಪ್ರಧಾನವಾಗಿ ಸೈನ್ಯದ ಊರು. ಅಲ್ಲಿಯ ದಂಡುಪ್ರದೇಶ, ಶಸ್ತ್ರಾಸ್ತ್ರ ಕಾರ್ಖಾನೆ ಮತ್ತು ಉಗ್ರಾಣಗಳ ನಿಮಿತ್ತವಾಗಿ ದೇಶದ ನಾನಾ ಭಾಗಗಳಿಂದ ಬಂದು ನೆಲೆಸಿದವರಲ್ಲಿ ಕನ್ನಡಿಗರೂ ಉಂಟು. ಊರು ಬಿಟ್ಟು ಬಂದವರು ತಮ್ಮೊಡನೆ ತಂದ ಸಾಮಾನುಗಳಲ್ಲಿ ಪೂಜಾಸಾಮಗ್ರಿಗೆ ಮೊದಲ ಸ್ಥಾನ. ಶ್ರಾವಣದ ಶುಕ್ರವಾರ ವರಮಹಾಲಕ್ಷ್ಮಿಯ ಕಲಶಕ್ಕೆ ಇಡುವ ಮುಖವಾಡ, ಅರಿಶಿನ–ಕುಂಕುಮದ ಬಟ್ಟಲು, ದೇವರ ಪ್ರಭಾವಳಿ, ಮದುವೆಯಲ್ಲಿ ತೌರಿನವರು ಕೊಟ್ಟ ಪಂಚಪಾತ್ರೆ, ಜರತಾರಿಯ ಸೀರೆ ಇವುಗಳಲ್ಲಿ ಅನೇಕವು ನೋಟಕ್ಕೆ ಬಂಗಾರ, ಒಡಲಿನಲ್ಲಿ ಬೆಳ್ಳಿ. ಇಂಥ ವಸ್ತುವಿನ ನಿಜಸ್ವರೂಪವೇನು, ಅದರ ಬೆಲೆ ಎಷ್ಟು, ಅದನ್ನು ಮಾಡುವವನ ಮತ್ತು ಬಳಸುವವನ ಆರೋಗ್ಯಕ್ಕೂ ಅದಕ್ಕೂ ಇರುವ ಸಂಬಂಧವೇನು ಎಂಬುದನ್ನು ಗೃಹಸ್ಥರು ತಿಳಿದಿರುವುದು ಅವಶ್ಯ.

ಬೆಳ್ಳಿಗೆ ಬಂಗಾರದ ತೆಳುಪದರವನ್ನು ಕೂಡಿಸುವುದಕ್ಕೆ ಕನ್ನಡದಲ್ಲಿ 'ಬಂಗಾರದ ನೀರು ಕೊಡಿಸುವುದು' ಎಂಬ ಸೊಗಸಾದ ಮಾತಿದೆ. ಇಂಗ್ಲಿಷಿನಿಂದ ಬಂದ 'ಗಿಲೀಟು' ಎಂಬ ಶಬ್ದವೂ ಬಳಕೆಯಲ್ಲಿದೆ. ಆದರೆ ಅದಕ್ಕೆ ಖೋಟಾ ಎಂಬ ಅರ್ಥದ ವಾಸನೆ ಅಂಟಿಕೊಂಡಿದೆ. ಪುಣೆಯ ಸರಾಫರು ಇದನ್ನೇ 'ಸೋನ್ಯಾಚಾ ಮುಲಾಮಾ' ಎನ್ನುತ್ತಾರೆ. ಮುಲಾಮು ಎಂದರೆ ಗಾಯಕ್ಕೆ ಹಚ್ಚುವ ಔಷಧವೆಂದು ತಿಳಿದ ಕನ್ನಡಿಗನಿಗೆ ಮೊದಲ ಸಲ ಕೇಳಿದಾಗ ನಗು ಬರುವುದು ಸಹಜ. ಹಿತ್ತಾಳೆಗೆ ಬಂಗಾರದ ಬಣ್ಣ ಕೊಟ್ಟು ಬಂಗಾರವೆಂದು ಮಾರುವುದು ವಂಚನೆ. ಬೆಳ್ಳಿಗೆ ಬಂಗಾರ ಹೊದಿಸಿ ಹಾಗೆಂದೇ ಹೇಳಿ ಮಾರುವುದು ಸಾವಿರಾರು ವರ್ಷಗಳ ಗೌರವಾನ್ವಿತ ಕಸುಬು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವಲ್ಲ.

ಈ ಕಸುಬಿನ ಪ್ರಾಚೀನತೆಗೆ ಸಾಕ್ಷಿ ಕೌಟಿಲ್ಯನ ಅರ್ಥಶಾಸ್ತ್ರ. ಈ ಗ್ರಂಥದ ಹಸ್ತಪ್ರತಿಯನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಅದರ ಎರಡನೆಯ ಅಧಿಕರಣದಲ್ಲಿ ಸುವರ್ಣಾಧ್ಯಕ್ಷನ ಕರ್ತವ್ಯಗಳನ್ನು ವಿವರಿಸುವಾಗ, ಬೆಳ್ಳಿಯ ವಸ್ತು ಘನವಾಗಿರಲಿ ಟೊಳ್ಳಾಗಿರಲಿ ಅದರ ಅರ್ಧದಷ್ಟು ಬಂಗಾರದಿಂದ ಲೇಪಿಸಬೇಕೆಂಬ ವಿಧಿ ಬರುತ್ತದೆ. ನಾಲ್ಕನೆಯ ಒಂದು ಪಾಲು ಬಂಗಾರವನ್ನು ಇಂಗಳಿಕದ ನೆರವಿನಿಂದ ಕೂಡಿಸುವ ಇನ್ನೊಂದು ಕ್ರಮದ ಪ್ರಸ್ತಾಪವೂ ಇದೆ. ಇಂಗಳಿಕವೆಂದರೆ ಪಾದರಸದ ಅದಿರು. ಅಕ್ಕಸಾಲಿಗರು ಬಂಗಾರವನ್ನು ಕದಿಯುವ ಐದು ಬಗೆಗಳನ್ನೂ ಕೌಟಿಲ್ಯನು ಹೆಸರಿಸುತ್ತಾನೆ. ತಕ್ಕಡಿಯ ಮೋಸ ಅವುಗಳಲ್ಲಿ ಮೊದಲನೆಯದು, ಹೊದಿಕೆಯ ಮೋಸವೂ ಅವುಗಳಲ್ಲಿ ಒಂದು. ರಾಜನ ಚಿನ್ನದ ಕೆಲಸ ನಡೆಯುತ್ತಿದ್ದ ಮನೆಗೆ ಅವನು ಕೊಡುವ ಹೆಸರು 'ಅಕ್ಷಶಾಲೆ'. ನಮ್ಮ 'ಅಕ್ಕಸಾಲೆ', 'ಅಕ್ಕಸಾಲಿಗ' ಶಬ್ದಗಳು ಈ ಮೂಲದಿಂದಲೇ ಬಂದವು. ಅರ್ಧಪಾಲು ಬಂಗಾರವೆಂಬ ಅಂದಿನ ಲೆಕ್ಕವನ್ನು ಓದುಗರು ನೆನಪಿನಲ್ಲಿಡಬೇಕು. ಇಂದಿನ ಲೆಕ್ಕವನ್ನು ಕಂಡಾಗ ಅದರ ಬೆಲೆ ಗೊತ್ತಾಗುತ್ತದೆ.

ಬಂಗಾರವನ್ನು ಮತ್ತೊಂದು ವಸ್ತುವಿನ ಮೇಲೆ ನಿಲ್ಲಿಸುವ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು ತಗಡು ಹೊದಿಸುವುದು. ಮೈಸೂರು ದಸರೆಯಲ್ಲಿ ಚಾಮುಂಡೇಶ್ವರಿಯನ್ನು ಹೊತ್ತು ಸಾಗುವ ಸುಮಾರು 750 ಕಿಲೋಗ್ರಾಂ ತೂಕದ ಅಂಬಾರಿ ಈ ಜಾತಿಯದು: ಒಳಗೆ ಮರದ ಚೌಕಟ್ಟು, ಹೊರಗೆ ಚಿನ್ನದ ತಗಡು. 750 ಕಿಲೋ ಅಪ್ಪಟ ಬಂಗಾರವೆಂದು ಪ್ರತಿವರ್ಷ ಹೊರನಾಡಿನ ಮಿತ್ರರಿಗೆ ಹೇಳುವ ಉತ್ಸಾಹಿಗಳು ಇದನ್ನು ಗಮನಿಸಬಹುದು. ಎರಡನೆಯದು ಪಾದರಸದ ಮಾರ್ಗ, ಮೂರನೆಯದು ವಿದ್ಯುತ್ತಿನ ಮಾರ್ಗ.

ಪಾದರಸದ ಮಾರ್ಗವು ಹೀಗೆ. ಬಂಗಾರದ ಪುಡಿಯನ್ನು ಪಾದರಸದೊಡನೆ ಅರೆದರೆ ಬೆಣ್ಣೆಯಂಥ ಮಿಶ್ರಣವಾಗುತ್ತದೆ. ಚೆನ್ನಾಗಿ ತೊಳೆದ ಬೆಳ್ಳಿಯ ಮೇಲೆ ಅದನ್ನು ಸವರಿ ಇದ್ದಲಿನ ಬೆಂಕಿಗೆ ಹಿಡಿಯುತ್ತಾರೆ. ಪಾದರಸ ಕುದಿಯುವುದು 357 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದು ಆವಿಯಾಗಿ ಹೋದಮೇಲೆ ಬಂಗಾರ ಮಾತ್ರ ಬೆಳ್ಳಿಗೆ ಕಚ್ಚಿ ಉಳಿಯುತ್ತದೆ. ಆಗ ಅದಕ್ಕೆ ಹೊಳಪಿರುವುದಿಲ್ಲ; ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಾರೆ. ಹೀಗೆ ಕೂಡಿದ ಬಂಗಾರ ದಪ್ಪ, ಬಾಳಿಕೆಯುಳ್ಳದ್ದು, ಅದರ ಕಾಂತಿಯೂ ಗಂಭೀರ. ಯೂರೋಪಿನ ಚರ್ಚುಗಳಲ್ಲಿ ಹಾಗೂ ಅರಮನೆಗಳಲ್ಲಿ ಶತಮಾನಗಳಿಂದ ಉಳಿದುಬಂದಿರುವ ಬೆಳ್ಳಿಬಂಗಾರದ ಪಾತ್ರೆಗಳು ಈ ವಿಧಾನದವು. ಇಂಗ್ಲೆಂಡಿನ ದೊರೆಗಳ ಪಟ್ಟಾಭಿಷೇಕದಲ್ಲಿ ಅಭಿಷೇಕತೈಲಕ್ಕೆ ಬಳಸುವ ಚಮಚವು 12ನೆಯ ಶತಮಾನದ್ದು, ಬಂಗಾರ ಹೊದಿಸಿದ ಬೆಳ್ಳಿಯದು. 1649ರಲ್ಲಿ ರಾಜತ್ವವನ್ನೇ ರದ್ದುಮಾಡಿ ರಾಜಚಿಹ್ನೆಗಳನ್ನು ಕರಗಿಸಿದಾಗಲೂ ಅದು ಉಳಿದುಕೊಂಡು, 2023ರ ಮೇ 6ರಂದು ಮೂರನೆಯ ಚಾರ್ಲ್ಸ್ ದೊರೆಯ ಅಭಿಷೇಕಕ್ಕೂ ಒದಗಿತು.

ಆದರೆ ಹೋದ ಪಾದರಸ ಎಲ್ಲಿಗೆ ಹೋಯಿತು? ಬೆಂಕಿಯ ಮುಂದೆ ಬಗ್ಗಿ ಕುಳಿತ ಕುಶಲಕರ್ಮಿಯ ಶ್ವಾಸಕೋಶಕ್ಕೆ. ಪಾದರಸದ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆದ್ದರಿಂದ ಅದರ ಇರವು ತಿಳಿಯುವುದಿಲ್ಲ. ಉಸಿರಿನ ಮೂಲಕ ಒಳಹೊಕ್ಕ ಆವಿಯಲ್ಲಿ ಸುಮಾರು ಶೇಕಡಾ 80 ಭಾಗ ರಕ್ತಕ್ಕೆ ಸೇರುತ್ತದೆ, ಅಲ್ಲಿಂದ ಮಿದುಳಿಗೂ ಮೂತ್ರಪಿಂಡಗಳಿಗೂ ತಲಪುತ್ತದೆ. ಕೈನಡುಕ, ವಸಡಿನ ಊತ, ನಿದ್ರಾಹೀನತೆ, ಮರೆವು, ಕಾರಣವಿಲ್ಲದ ಸಿಡುಕು, ಸಂಕೋಚ ಇವು ದೀರ್ಘಕಾಲದ ಪಾದರಸವಿಷದ ಲಕ್ಷಣಗಳು. ಕೈನಡುಕವು ಅಕ್ಕಸಾಲಿಗನ ಅನ್ನವನ್ನೇ ಕಸಿಯುವ ರೋಗವೆಂದು ಬೇರೆ ಹೇಳಬೇಕಾಗಿಲ್ಲ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದ ಸೇಂಟ್ ಐಸಾಕ್ ಚರ್ಚಿನ ಗುಮ್ಮಟಕ್ಕೆ 19ನೆಯ ಶತಮಾನದಲ್ಲಿ ಈ ರೀತಿ ಬಂಗಾರ ಹೊದಿಸುವಾಗ 60 ಮಂದಿ ಕೆಲಸಗಾರರು ಪ್ರಾಣ ಕಳೆದುಕೊಂಡರೆಂದು ಹೇಳುತ್ತಾರೆ. ಪಾದರಸದ ಬಳಕೆಯನ್ನು ತಗ್ಗಿಸಲು 2013ರಲ್ಲಿ ಅಂಗೀಕೃತವಾದ ಮಿನಮಾಟಾ ಒಡಂಬಡಿಕೆಗೆ ಭಾರತವು 2018ರಲ್ಲಿ ಅನುಮೋದನೆ ನೀಡಿತು. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯ ನೀರಿನಿಂದ ಮೀನಿಗೂ ಮೀನಿನಿಂದ ಮನುಷ್ಯರಿಗೂ ಪಾದರಸ ಸೇರಿ ಆದ ಅನಾಹುತವೇ ಆ ಹೆಸರಿಗೆ ಕಾರಣ. ಮನೆಯ ಒಂದು ಮೂಲೆಯಲ್ಲೇ ಕುಲುಮೆ ಇಟ್ಟುಕೊಂಡು ಈ ಹಳೆಯ ಕ್ರಮವನ್ನು ಅನುಸರಿಸುವವನಿಗಿಂತ ಅವನ ಎಳೆಯ ಮಕ್ಕಳಿಗೆ ಅಪಾಯ ಹೆಚ್ಚು. 'ಹಳೆಯ ಕಾಲದ ಕೆಲಸವೇ ಬೇಕು' ಎಂದು ಹಟ ಹಿಡಿಯುವ ಗಿರಾಕಿಗಳು ಈ ಒಂದು ಮಾತನ್ನು ಯೋಚಿಸಬೇಕು.

ವಿದ್ಯುತ್ತಿನ ಮಾರ್ಗಕ್ಕೆ ನಾಂದಿ ಹಾಡಿದವನು ಇಟಲಿಯ ಬ್ರೂನ್ಯಾಟೆಲ್ಲಿ. 1805ರಲ್ಲಿ ಆತ ವೋಲ್ಟಾನ ವಿದ್ಯುತ್ಕೋಶದ ನೆರವಿನಿಂದ ಬೆಳ್ಳಿಯ ಪದಕಗಳಿಗೆ ಬಂಗಾರ ಕೂಡಿಸಿದನು. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಬಂಧುಗಳು 1840ರಲ್ಲಿ ಸನ್ನದು ಪಡೆದಮೇಲೆ ಇದು ವ್ಯಾಪಾರದ ಮಟ್ಟಕ್ಕೆ ಏರಿತು. ಬಂಗಾರದ ಲವಣವಿರುವ ದ್ರಾವಣದಲ್ಲಿ ಬೆಳ್ಳಿಯ ವಸ್ತುವನ್ನು ಋಣಧ್ರುವಕ್ಕೆ ಕಟ್ಟಿ ಇಳಿಬಿಟ್ಟರೆ ಬಂಗಾರದ ಕಣಗಳು ಬಂದು ಕೂಡುತ್ತವೆ. ಪಾದರಸ ತಪ್ಪಿತು, ನಿಜ. ಆದರೆ ಈ ದ್ರಾವಣ ಸಾಮಾನ್ಯವಾಗಿ ಸಯನೈಡಿನದು. ಅದಕ್ಕೆ ಆಮ್ಲ ತಗುಲಿದರೆ ಪ್ರಾಣಾಂತಿಕ ಅನಿಲ ಹೊರಡುತ್ತದೆ. ಬಳಸಿದ ದ್ರಾವಣವನ್ನು ಚರಂಡಿಗೆ ಬಿಡುವುದು ಅಪರಾಧ. ಆದುದರಿಂದ ಇದು ಗಾಳಿಯಾಡುವ, ಪರವಾನಗಿಯುಳ್ಳ ಕಾರ್ಯಾಗಾರದಲ್ಲಿ ಆಗಬೇಕಾದ ಕೆಲಸವೇ ಹೊರತು ಗಲ್ಲಿಯ ಕೋಣೆಯಲ್ಲಿ ಅಲ್ಲ.

ವಿದ್ಯುತ್ತಿನ ಮಾರ್ಗ ಇನ್ನೊಂದು ಬದಲಾವಣೆಯನ್ನೂ ತಂದಿತು: ಪದರವನ್ನು ಎಷ್ಟು ಬೇಕಾದರೂ ತೆಳ್ಳಗೆ ಮಾಡಬಹುದಾಯಿತು. ಇಲ್ಲಿ ಸ್ವಲ್ಪ ಗಣಿತ ಅಗತ್ಯ. ಒಂದು ಬೆಳ್ಳಿಯ ಬಟ್ಟಲನ್ನು ಊಹಿಸೋಣ. ಅದರ ಒಳಮೈ 150 ಚದರ ಸೆಂಟಿಮೀಟರ್, ಹೊರಮೈ 150, ತಗಡಿನ ದಪ್ಪ 1 ಮಿಲಿಮೀಟರ್. ಬೆಳ್ಳಿಯ ಗಾತ್ರ 15 ಘನ ಸೆಂಟಿಮೀಟರ್, ಸಾಂದ್ರತೆ 10.5 ಆದ್ದರಿಂದ ತೂಕ ಸುಮಾರು 157 ಗ್ರಾಂ. ಇದಕ್ಕೆ ಒಳಗೂ ಹೊರಗೂ 2.5 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡೂವರೆ ಪಾಲು ದಪ್ಪದ ಬಂಗಾರ ಕೊಡಿಸಿದರೆ (ಬೆಳ್ಳಿಬಂಗಾರದ ಆಭರಣಕ್ಕೆ ಅಮೆರಿಕದಲ್ಲಿ ಅಂಗೀಕೃತವಾದ ಕನಿಷ್ಠ ದಪ್ಪ ಇದು) ಬೇಕಾಗುವ ಬಂಗಾರ ಸುಮಾರು 1.45 ಗ್ರಾಂ. ಒಟ್ಟು ತೂಕದ ನೂರರಲ್ಲಿ ಒಂದು ಪಾಲಿಗೂ ಕಡಿಮೆ! ಕೌಟಿಲ್ಯನ ಅರ್ಧಪಾಲೆಲ್ಲಿ, ಇದೆಲ್ಲಿ? ಇನ್ನು ಪದರ 0.1 ಮೈಕ್ರಾನ್ ಮಾತ್ರವಾದರೆ ಬಂಗಾರ 60 ಮಿಲಿಗ್ರಾಮಿಗೂ ಕಡಿಮೆ. ಅಂಗಡಿಯ ದೀಪದ ಕೆಳಗೆ ಈ ಎರಡು ಬಟ್ಟಲುಗಳಿಗೂ ಕಣ್ಣಿಗೆ ಕಾಣುವ ಭೇದವಿಲ್ಲ. ಲೆಕ್ಕದ ಅನುಕೂಲಕ್ಕಾಗಿ ಬೆಳ್ಳಿ ಗ್ರಾಮಿಗೆ 1 ರೂಪಾಯಿ, ಬಂಗಾರ ಗ್ರಾಮಿಗೆ 80 ರೂಪಾಯಿ ಎಂದಿಟ್ಟುಕೊಂಡರೆ ಮೊದಲನೆಯ ಬಟ್ಟಲಿನಲ್ಲಿ 116 ರೂಪಾಯಿಯ ಬಂಗಾರವಿದೆ, ಎರಡನೆಯದರಲ್ಲಿ 5 ರೂಪಾಯಿಯದೂ ಇಲ್ಲ. ಕೊಳ್ಳುವವನು ಕೇಳಬೇಕಾದ ಪ್ರಶ್ನೆ 'ಬಂಗಾರದ ನೀರು ಇದೆಯೇ' ಎಂಬುದಲ್ಲ, 'ಎಷ್ಟು ಮೈಕ್ರಾನ್' ಎಂಬುದು. ಆ ಅಂಕಿ ಬಿಲ್ಲಿನಲ್ಲಿ ಬರೆದಿರಬೇಕು. ಬೆಳ್ಳಿಯ ತೂಕ, ಶುದ್ಧತೆ, ಬಂಗಾರದ ನೀರಿನ ವೆಚ್ಚ, ಮಜೂರಿ ಇವು ಪ್ರತ್ಯೇಕ ಸಾಲುಗಳಲ್ಲಿರಬೇಕು.

ಬೆಳ್ಳಿಯ ಮೇಲಣ ಬಂಗಾರವೆಂದರೆ ಎರಡನೆಯ ದರ್ಜೆಯದೆಂದು ಮೂಗು ಮುರಿಯುವವರು ಜಗತ್ತಿನ ಅತ್ಯುನ್ನತ ಬಹುಮಾನಗಳನ್ನು ನೋಡಬೇಕು. ಒಲಿಂಪಿಕ್ ಕ್ರೀಡೆಗಳಲ್ಲಿ ಅಪ್ಪಟ ಚಿನ್ನದ ಪದಕವನ್ನು ಕೊನೆಯದಾಗಿ ಕೊಟ್ಟದ್ದು 1912ರಲ್ಲಿ, ಸ್ಟಾಕ್‌ಹೋಮಿನಲ್ಲಿ. ಈಗಿನ 'ಚಿನ್ನದ' ಪದಕ ಬೆಳ್ಳಿಯದು. ಅದಕ್ಕೆ ಕನಿಷ್ಠ 6 ಗ್ರಾಂ ಬಂಗಾರ ಹೊದಿಸಿರಬೇಕು. ಸೈನ್ಯದ ನೀರಜ್ ಚೋಪ್ರಾ 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ ಭರ್ಜಿ ಎಸೆದು ಗೆದ್ದ ಪದಕದ ತೂಕ ಸುಮಾರು 556 ಗ್ರಾಂ, ವ್ಯಾಸ 85 ಮಿಲಿಮೀಟರ್. ಅದೇ ತಿಂಗಳು ಪುಣೆಯ ಸೈನಿಕ ಕ್ರೀಡಾಸಂಸ್ಥೆಯ ಕ್ರೀಡಾಂಗಣಕ್ಕೆ ಅವರ ಹೆಸರನ್ನಿಟ್ಟರು. ಮೇಲಿನ ಗಣಿತವನ್ನೇ ಅನ್ವಯಿಸಿದರೆ ಆ ಪದಕದ ಬಂಗಾರದ ಪದರ ಸುಮಾರು 20 ಮೈಕ್ರಾನ್. ಒಳ್ಳೆಯ ಆಭರಣದ ಪದರಕ್ಕಿಂತ ಎಂಟು ಪಟ್ಟು ದಪ್ಪ. ವಿಂಬಲ್ಡನ್ನಿನ ಪುರುಷರ ಬಟ್ಟಲು 1887ರಿಂದಲೂ ಬಂಗಾರ ಹೊದಿಸಿದ ಬೆಳ್ಳಿಯದೇ. ಫುಟ್‌ಬಾಲಿನ ಹಳೆಯ ವಿಶ್ವಕಪ್ ಆದ ಜೂಲ್ ರಿಮೆ ಪಾರಿತೋಷಕವೂ ಹಾಗೆಯೇ. 1966ರಲ್ಲಿ ಲಂಡನ್ನಿನಲ್ಲಿ ಕಳುವಾಗಿ ಪಿಕಲ್ಸ್ ಎಂಬ ನಾಯಿಯಿಂದ ಸಿಕ್ಕಿದ ಅದು 1983ರಲ್ಲಿ ರಿಯೋ ನಗರದಲ್ಲಿ ಮತ್ತೆ ಕಳುವಾಗಿ ಇಂದಿಗೂ ಸಿಕ್ಕಿಲ್ಲ. ಬಂಗಾರವೆಂದು ನಂಬಿ ಕರಗಿಸಿದ್ದರೆ ಕಳ್ಳರಿಗೆ ದೊರೆತದ್ದು ಬಹುಪಾಲು ಬೆಳ್ಳಿಯೇ. ದೇಹೂ ರೋಡಿನಂಥ ಸೈನಿಕರ ಊರಿನಲ್ಲಿ ನೆನೆಯಬೇಕಾದ ಉದಾಹರಣೆ ಇನ್ನೊಂದಿದೆ. 1950ರಲ್ಲಿ ಸ್ಥಾಪಿತವಾದ ಮಹಾವೀರ ಚಕ್ರವು ಬೆಳ್ಳಿಯ ಪದಕ. ಅದರ ನಕ್ಷತ್ರದ ನಡುವೆ ಇರುವ ರಾಷ್ಟ್ರಲಾಂಛನಕ್ಕೆ ಮಾತ್ರ ಬಂಗಾರದ ನೀರು. ಎಲ್ಲೆಡೆ ಬಳಿಯದೆ ಪೂಜ್ಯಸ್ಥಾನಕ್ಕೆ ಮಾತ್ರ ಬಂಗಾರವನ್ನಿಡುವ ಈ ಕ್ರಮವು ನಮ್ಮ ದೇವರ ಬೆಳ್ಳಿ ಕವಚಗಳಲ್ಲಿ ಕಿರೀಟಕ್ಕೋ ನಾಮಕ್ಕೋ ಮಾತ್ರ ನೀರು ಕೊಡಿಸುವ ಪದ್ಧತಿಗೆ ಹತ್ತಿರದ್ದು. ಸಮೀಪದ ದೇಹೂ ಗ್ರಾಮದಿಂದ ಪಂಢರಪುರಕ್ಕೆ ಹೊರಡುವ ಸಂತ ತುಕಾರಾಮರ ಪಾಲಕಿಯಲ್ಲಿ ಇರಿಸುವ ಪಾದುಕೆಗಳು ಬೆಳ್ಳಿಯವು, ರಥವೂ ಬೆಳ್ಳಿಯದು. ಅಲ್ಲಿ ಬಿಳುಪಿಗೇ ಶೋಭೆ.

ಕನ್ನಡ ಮನೆಗಳಲ್ಲಿ ಬೆಳ್ಳಿಬಂಗಾರವು ಅತ್ಯಧಿಕವಾಗಿ ಇರುವುದು ದೇವರಮನೆಯಲ್ಲಲ್ಲ, ಸೀರೆಯ ಪೆಟ್ಟಿಗೆಯಲ್ಲಿ. ಅಪ್ಪಟ ಜರಿಯೆಂದರೆ ಬಂಗಾರ ಹೊದಿಸಿದ ಬೆಳ್ಳಿಯ ಎಳೆಯೇ. ಹಿಂದೆ ಸೂರತ್ತಿನ ಕುಶಲಿಗಳು ಬೆಳ್ಳಿಯ ಸಲಾಕೆಗೆ ಬಂಗಾರದ ರೇಕು ಸುತ್ತಿ ಕಾಯಿಸಿ ಬೆಸೆದು, ಬರಬರುತ್ತ ಸಣ್ಣದಾಗುವ ತೂತುಗಳ ಮೂಲಕ ಎಳೆಯುತ್ತಿದ್ದರು. ಸಲಾಕೆ ಕೂದಲಿನಷ್ಟು ಸಣ್ಣ ತಂತಿಯಾದರೂ ಮೇಲಣ ಬಂಗಾರ ಎಲ್ಲಿಯೂ ತುಂಡಾಗದೆ ಜೊತೆಯಲ್ಲೇ ಹಿಗ್ಗುತ್ತ ಬರುವುದು ಈ ಲೋಹದ ಮಹಿಮೆ. ಆ ತಂತಿಯನ್ನು ಚಪ್ಪಟೆ ಮಾಡಿ ರೇಷ್ಮೆಯ ನೂಲಿಗೆ ಸುತ್ತಿದರೆ ಜರಿ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಆರಂಭವಾಗಿ, 1980ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿರುವ ಮೈಸೂರಿನ ಕಾರ್ಖಾನೆಯ ಸೀರೆಗಳಲ್ಲಿ ಬಳಸುವ ಜರಿಯಲ್ಲಿ ಶೇಕಡಾ 65 ಬೆಳ್ಳಿ, ಶೇಕಡಾ 0.65 ಬಂಗಾರ. ಅಂದರೆ ಬೆಳ್ಳಿಯ ನೂರನೆಯ ಒಂದು ಪಾಲು ಬಂಗಾರ. ಮೇಲೆ ಹೇಳಿದ ಬಟ್ಟಲಿನ ಲೆಕ್ಕಕ್ಕೆ ಬಹಳ ಸಮೀಪ.

ತೂಕದಲ್ಲಿ ನೂರನೆಯ ಪಾಲು, ಬೆಲೆಯಲ್ಲಿ ಹಾಗಲ್ಲ. 100 ಗ್ರಾಂ ಜರಿಯಲ್ಲಿ, ಹಿಂದಿನ ದರವನ್ನೇ ಹಿಡಿದರೆ, 65 ರೂಪಾಯಿಯ ಬೆಳ್ಳಿ, 52 ರೂಪಾಯಿಯ ಬಂಗಾರ ಇರುತ್ತವೆ. ಹಳೆಯ ಜರಿಸೀರೆಗಳನ್ನು ಕೊಳ್ಳಲು ಬೀದಿಯಲ್ಲಿ ಕೂಗುತ್ತ ಬರುವ ವ್ಯಾಪಾರಿ 'ಇದರಲ್ಲಿ ಏನಿದೆಯಮ್ಮಾ, ಸುಟ್ಟರೆ ಸ್ವಲ್ಪ ಬೆಳ್ಳಿ' ಎಂದು ಹೇಳುವಾಗ ಹೆಚ್ಚುಕಡಿಮೆ ಅರ್ಧದಷ್ಟು ಬೆಲೆಯನ್ನು ಮಾತಿನಲ್ಲೇ ಮರೆಸಿಬಿಡುತ್ತಾನೆ. ಅಜ್ಜಿಯ ಸೀರೆಯನ್ನು ಮಾರಲೇಬೇಕಾದ ಪ್ರಸಂಗ ಬಂದರೆ ಅದನ್ನು ಲೋಹಶೋಧಕರಲ್ಲಿ ಪರೀಕ್ಷಿಸಿ ಎರಡೂ ಲೋಹಗಳ ಲೆಕ್ಕವನ್ನು ಕೇಳುವುದು ವಿಹಿತ. ಕೃತಕ ಜರಿಯ ಸೀರೆಗೆ ಈ ಮಾತು ಅನ್ವಯಿಸದು.

ಪರೀಕ್ಷೆಯ ವಿಷಯದಲ್ಲಿ ಒಂದು ಅಂಕಿಯ ಗೊಂದಲವಿದೆ. 22 ಕ್ಯಾರಟ್ ಚಿನ್ನದ ಮುದ್ರೆ 916; ಸ್ಟರ್ಲಿಂಗ್ ಬೆಳ್ಳಿಯ ಮುದ್ರೆ 925. ಹಳದಿ ಬಣ್ಣದ ಪದಾರ್ಥದ ಬೆನ್ನಮೇಲೆ 925 ಎಂದು ಕಂಡು, ಇದು 916ಕ್ಕಿಂತಲೂ ಮೇಲಾದ ಚಿನ್ನವೆಂದು ಹಿಗ್ಗುವವರಿದ್ದಾರೆ. ಅದು ಒಳಗಿನ ಬೆಳ್ಳಿಯ ಶುದ್ಧತೆಯ ಅಂಕಿ, ಅಷ್ಟೆ. ಒರೆಗಲ್ಲು ಮೇಲುಪದರವನ್ನು ಮಾತ್ರ ಹೇಳುತ್ತದೆ. ಎಕ್ಸ್-ರೇ ಯಂತ್ರವೂ ಮುಖ್ಯವಾಗಿ ಮೇಲ್ಮೈಯನ್ನೇ ಓದುತ್ತದೆ. ಮನೆಯಲ್ಲಿ ಮಾಡಬಹುದಾದದ್ದು ಆರ್ಕಿಮಿಡೀಸನ ಪರೀಕ್ಷೆ. ಸೂಕ್ಷ್ಮ ತಕ್ಕಡಿಯ ಮೇಲೆ ನೀರಿನ ಪಾತ್ರೆಯಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ವಸ್ತುವನ್ನು ದಾರದಿಂದ ಕಟ್ಟಿ, ಪಾತ್ರೆಯ ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಬೇಕು. 159 ಗ್ರಾಮಿನ ವಸ್ತುವಿಗೆ ಅಂಕಿ ಸುಮಾರು 15 ತೋರಿಸಿದರೆ ಒಳಗಿರುವುದು ಬೆಳ್ಳಿ. 9ರ ಸುಮಾರಿಗೆ ನಿಂತರೆ 22 ಕ್ಯಾರಟ್ ಚಿನ್ನ. ಅರಗು ತುಂಬಿದ ಅಥವಾ ಮುಚ್ಚಿದ ಟೊಳ್ಳು ಪದಾರ್ಥಕ್ಕೆ ಈ ಪರೀಕ್ಷೆ ನಡೆಯದು. ಅಡವಿನ ಸಂದರ್ಭದಲ್ಲಿ ಇದು ಮುಖ್ಯವಾಗುತ್ತದೆ. 2025ರ ಜೂನಿನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ನಿರ್ದೇಶನಗಳು ಚಿನ್ನದಂತೆ ಬೆಳ್ಳಿಯ ಒಡವೆಗಳ ಮೇಲಣ ಸಾಲಕ್ಕೂ ಕ್ರಮವನ್ನು ವಿಧಿಸಿವೆ. ಒಬ್ಬ ಸಾಲಗಾರನಿಂದ 10 ಕಿಲೋಗ್ರಾಂವರೆಗೆ ಬೆಳ್ಳಿಯ ಒಡವೆಗಳನ್ನು ಅಡವು ಹಿಡಿಯಬಹುದು. ಮೌಲ್ಯ ಕಟ್ಟುವುದು ಲೋಹಕ್ಕೆ ಮಾತ್ರ. ಕಲ್ಲು, ಮಜೂರಿ ಲೆಕ್ಕಕ್ಕಿಲ್ಲ. ಬಂಗಾರವೆಂದು ತಲೆಮಾರಿನಿಂದ ನಂಬಿದ ಬಟ್ಟಲು ಬ್ಯಾಂಕಿನ ಮೇಜಿನ ಮೇಲೆ ಬೆಳ್ಳಿಯಾದರೆ, ಮಗಳ ಮದುವೆಗೋ ಆಸ್ಪತ್ರೆಯ ವೆಚ್ಚಕ್ಕೋ ಅದನ್ನು ನಂಬಿದ್ದ ಮನೆಯ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಕಷ್ಟ ಬರುವ ಮೊದಲೇ ಪರೀಕ್ಷಿಸಿ ಚೀಟಿ ಬರೆದಿಡುವುದು ಲೇಸು.

ಇನ್ನು ಬಳಕೆಯ ಮಾತು. ಬಂಗಾರದ ಪದರ ಶೋಭೆಗೆ ಮಾತ್ರವಲ್ಲ. ಉಪ್ಪು ಬೆಳ್ಳಿಯನ್ನು ತಿನ್ನುತ್ತದೆ; ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿಗಳಲ್ಲಿರುವ ಗಂಧಕದ ಅಂಶ ಅದನ್ನು ಕಪ್ಪಾಗಿಸುತ್ತದೆ. ಬಂಗಾರಕ್ಕೆ ಇವು ಯಾವುವೂ ತಾಗವು. ಅದಕ್ಕಾಗಿಯೇ ಯೂರೋಪಿನಲ್ಲಿ ಉಪ್ಪಿನ ಬಟ್ಟಲುಗಳ ಒಳಮೈಗೂ ಮೊಟ್ಟೆಯ ಚಮಚಗಳಿಗೂ ಬಂಗಾರದ ನೀರು ಕೊಡಿಸುವ ರೂಢಿ ಬಂತು. ಮಗುವಿನ ಅನ್ನಪ್ರಾಶನಕ್ಕೆ ಒಳಗೆ ಬಂಗಾರ ಹೊದಿಸಿದ ಬೆಳ್ಳಿಯ ಬಟ್ಟಲನ್ನು ಕೊಡುವುದರಲ್ಲಿ ದೋಷವಿಲ್ಲ. ಆದರೆ ಒಳಲೋಹ ಬೆಳ್ಳಿಯೇ ಎಂಬುದು ಖಚಿತವಾಗಿರಬೇಕು. ಪಾದರಸದ ಕ್ರಮದಲ್ಲಿ ಮಾಡಿದ ಹಳೆಯ ಪಾತ್ರೆಗಳ ಪದರದಲ್ಲಿ ಸ್ವಲ್ಪ ಪಾದರಸ ಉಳಿದಿರುವುದರಿಂದ ಅವುಗಳನ್ನು ಊಟಕ್ಕೆ ಬಳಸದೆ ಪ್ರದರ್ಶನಕ್ಕೇ ಇಡುವುದು ಕ್ಷೇಮ. ಕಿವಿ, ಕುತ್ತಿಗೆಗಳಲ್ಲಿ ತುರಿಕೆ, ಗುಳ್ಳೆ ಕಂಡುಬಂದರೆ ಬಂಗಾರವನ್ನಾಗಲಿ ಬೆಳ್ಳಿಯನ್ನಾಗಲಿ ದೂರುವ ಮೊದಲು ನಡುವೆ ನಿಕ್ಕಲಿನ ಪದರವಿದೆಯೇ ಎಂದು ವಿಚಾರಿಸಬೇಕು. ಬಂಗಾರ ಕಾಲಕ್ರಮೇಣ ಬೆಳ್ಳಿಯೊಳಗೆ ಇಳಿಯದಿರಲೆಂದು ಕೆಲವರು ನಿಕ್ಕಲು ಕೊಡಿಸುತ್ತಾರೆ. ಚರ್ಮದ ಅಲರ್ಜಿಗೆ ಅತಿ ಸಾಮಾನ್ಯ ಕಾರಣವಾದ ಲೋಹ ಅದೇ.

ತೊಳೆಯುವುದರಲ್ಲಿ ನಮ್ಮವರು ಮಾಡುವ ಹಾನಿ ಹೆಚ್ಚು. ಬೆಳ್ಳಿಯನ್ನು ವಿಭೂತಿಯಿಂದ ಉಜ್ಜುವುದು ಹಿರಿಯರಿಂದ ಬಂದ ಪದ್ಧತಿ, ಬರಿಯ ಬೆಳ್ಳಿಗೆ ಅದು ಒಳ್ಳೆಯದೇ. ಆದರೆ ಎರಡೂವರೆ ಮೈಕ್ರಾನ್ ಬಂಗಾರಕ್ಕೆ ವಿಭೂತಿ, ರಂಗೋಲಿಪುಡಿ, ಹಲ್ಲಿನ ಪುಡಿ, ಹುಣಸೆಹಣ್ಣು ಇವೆಲ್ಲ ಶತ್ರುಗಳು. ಉಜ್ಜಿದಷ್ಟೂ ಬಂಗಾರ ಹೋಗಿ ಮೂಗಿನ ತುದಿ, ಕಿರೀಟದ ಅಂಚುಗಳಲ್ಲಿ ಬೆಳ್ಳಿ ಇಣುಕುತ್ತದೆ. ಹಬ್ಬ ಮುಗಿದ ದಿನವೇ ಉಗುರುಬೆಚ್ಚಗಿನ ನೀರಿನಲ್ಲಿ ಅಂಟುವಾಳದ ನೊರೆಯಿಂದ ಬೆರಳಲ್ಲೇ ತೊಳೆದು, ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಿ ನೀರಾರಿಸಬೇಕು. ಬಾಗಿಲಿಗೆ ಬಂದು ಕ್ಷಣದಲ್ಲಿ ಹೊಳಪು ಕೊಡುತ್ತೇನೆಂಬ ಅಪರಿಚಿತರ ಕೈಗೆ ಇಂಥ ವಸ್ತುಗಳನ್ನು ಕೊಡಲೇಬಾರದು. ಅವರ ಬಟ್ಟಲಿನ ಆಮ್ಲದಲ್ಲಿ ಬಂಗಾರ ಕರಗಿ ಉಳಿಯುತ್ತದೆ, ಹೊಳಪು ಮಾತ್ರ ಮನೆಗೆ ಬರುತ್ತದೆ. ತೆಳುಪದರದ ಸೂಕ್ಷ್ಮರಂಧ್ರಗಳಿಂದ ಬೆಳ್ಳಿಯ ಕಪ್ಪು ಮೇಲೆದ್ದರೆ ಉಜ್ಜದೆ, ಸರಿಯಾದ ಕಾರ್ಯಾಗಾರದಲ್ಲಿ ಮರಳಿ ನೀರು ಕೊಡಿಸಬೇಕು. ಸಹ್ಯಾದ್ರಿಯ ಸೆರಗಿನ ಈ ಭಾಗದಲ್ಲಿ ಮಳೆಗಾಲದ ತೇವ ಹೆಚ್ಚಾದುದರಿಂದ, ಒಗೆದ ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಿ ಗಾಳಿಯಾಡದ ಡಬ್ಬಿಯಲ್ಲಿ ಒಂದೆರಡು ಸೀಮೆಸುಣ್ಣದ ತುಂಡುಗಳೊಡನೆ ಇಡುವುದು ಒಳ್ಳೆಯದು. ಉಣ್ಣೆಯ ಬಟ್ಟೆ, ರಬ್ಬರ್ ಬ್ಯಾಂಡು, ವೃತ್ತಪತ್ರಿಕೆಯ ಕಾಗದ ಇವು ಬೇಡ. ಜರಿಸೀರೆಗೂ ಇದೇ ಕ್ರಮ. ಅದರ ಮೇಲೆ ಅತ್ತರು ಸಿಂಪಡಿಸದೆ, ನುಸಿಗುಳಿಗೆ ತಾಗದಂತೆ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ ಇಡಬೇಕು.